ಒಂಬತ್ತರ ಮೇಲೆ ಒಂಬತ್ತು

ನರ್ಸಿಂಗ್ ಹೋಮಿನ ಕರಪತ್ರದಲ್ಲಿ ಈಗ ಡಾಕ್ಟರ ಹೆಸರಿನ ಪಕ್ಕದಲ್ಲೇ ಫಿಲ್ಟರಿನ ಹೆಸರೂ ಬರುತ್ತದೆ. ‘ಹೆಪಾ ಫಿಲ್ಟರ್ ಇರುವ ಮಾಡ್ಯುಲರ್ ಆಪರೇಷನ್ ಥಿಯೇಟರ್’ ಎಂದು, ಅದರ ಕೆಳಗೆ ದಪ್ಪಕ್ಷರದಲ್ಲಿ 99.97%. ಔಷಧ ತಯಾರಿಸುವವರು ಇನ್ನೊಂದು ಮೆಟ್ಟಿಲು ಹತ್ತಿ ಎಚ್ 14 ದರ್ಜೆಯ 99.995 ಎನ್ನುತ್ತಾರೆ. ಮನೆಗೆ ತರುವ ಏರ್ ಪ್ಯೂರಿಫೈಯರಿನ ಡಬ್ಬದ ಮೇಲೂ ಒಂಬತ್ತುಗಳ ಸಾಲು. ಬಿಡದಿ, ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಹೊಸ ಶೆಡ್ ಎಬ್ಬಿಸುತ್ತಿರುವವರನ್ನು ಧೂಳಿಗೆ ಏನು ಮಾಡ್ತೀರಿ ಎಂದು ಕೇಳಿ ನೋಡಿ. ಉತ್ತರ ಸಿದ್ಧವಾಗಿರುತ್ತದೆ: ‘ಎಚ್ 14 ಹಾಕಿಸಿಬಿಡ್ತೀವಿ ಸಾರ್, ತಲೆನೋವೇ ಇರಲ್ಲ.’

ತಲೆನೋವು ಶುರುವಾಗುವುದೇ ಅಲ್ಲಿಂದ. ಛಾವಣಿಯಲ್ಲಿ ಎಷ್ಟು ದುಬಾರಿ ಫಿಲ್ಟರ್ ಕೂತಿದೆಯೋ ಕೋಣೆ ಅಷ್ಟು ಶುದ್ಧ ಎನ್ನುವ ನಂಬಿಕೆ ಇವತ್ತು ಆಸ್ಪತ್ರೆ ಕಟ್ಟುವವರಿಂದ ಹಿಡಿದು ಟೆಂಡರ್ ಬರೆಯುವ ಇಂಜಿನಿಯರರವರೆಗೆ ಎಲ್ಲರನ್ನೂ ಹಿಡಿದಿದೆ. ಇದು ಬರೀ ತಪ್ಪು ತಿಳಿವಳಿಕೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ದುಡ್ಡು, ಗಮನ, ಹೊಣೆ ಮೂರನ್ನೂ ಇದು ಛಾವಣಿಗೆ ಏರಿಸಿಬಿಡುತ್ತದೆ. ಕೊಳೆ ಬರುವುದು ಬಾಗಿಲಿಂದ, ನೆಲದಿಂದ, ಮನುಷ್ಯರ ಮೈಯಿಂದ, ಬಾಟಲಿಯಿಂದ. ಅತ್ತ ನೋಡುವವರೇ ಇಲ್ಲವಾಗುತ್ತಾರೆ.

ಮೊದಲು ಆ ಅಂಕಿ ಏನು ಹೇಳುತ್ತದೆ ಎನ್ನುವುದನ್ನು ನೋಡೋಣ. ಹೆಪಾ ಫಿಲ್ಟರ್ ಹುಟ್ಟಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಅಮೆರಿಕದ ಅಣುಬಾಂಬ್ ಯೋಜನೆಯ ಆಸುಪಾಸಿನಲ್ಲಿ. ವಿಕಿರಣದ ಧೂಳು ಹೊರಗೆ ಹೋಗದಂತೆ ತಡೆಯುವುದು ಆಗಿನ ಗುರಿ. ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಗಾಜಿನ ನಾರನ್ನು ಕಾಗದದಂತೆ ಹಾಸಿ, ಮಡಿಕೆ ಮಡಿಕೆಯಾಗಿ ಮಡಚಿ, ಚೌಕಟ್ಟಿಗೆ ಅಂಟಿಸಿದ ವಸ್ತು ಅದು. ಜರಡಿಯ ಹಾಗೆ ತೂತಿನ ಅಳತೆ ನೋಡಿ ಅದು ಕಣ ಹಿಡಿಯುವುದಿಲ್ಲ. ದೊಡ್ಡ ಕಣ ಗಾಳಿಯ ಜೊತೆ ತಿರುಗಲಾರದೆ ನಾರಿಗೆ ಬಡಿದು ಅಂಟಿಕೊಳ್ಳುತ್ತದೆ. ತೀರಾ ಸಣ್ಣದು ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ಓಲಾಡುತ್ತ ಹೋಗಿ ಎಲ್ಲೋ ಒಂದು ನಾರಿಗೆ ತಾಗುತ್ತದೆ. ಎರಡರ ಮಧ್ಯದ, ಸುಮಾರು 0.1ರಿಂದ 0.3 ಮೈಕ್ರಾನಿನ ಕಣವೇ ನುಸುಳುವುದರಲ್ಲಿ ನಿಸ್ಸೀಮ. 99.97 ಎನ್ನುವುದು 0.3 ಮೈಕ್ರಾನಿನ ಕಣಕ್ಕೆ ಸಿಗುವ ಅಂಕ. ಅದಕ್ಕಿಂತ ಬಹಳ ಸಣ್ಣದು, ಬಹಳ ದೊಡ್ಡದು ಎರಡೂ ಇನ್ನೂ ಚೆನ್ನಾಗಿ ಸಿಕ್ಕಿಬೀಳುತ್ತವೆ. ‘ವೈರಸ್ 0.1 ಮೈಕ್ರಾನ್, ಆದ್ದರಿಂದ ಹೆಪಾ ದಾಟಿಬಿಡುತ್ತದೆ’ ಎಂದು ಕೋವಿಡ್ ಕಾಲದಲ್ಲಿ ಹಬ್ಬಿದ ಮಾತು ಅದಕ್ಕೇ ಹುರುಳಿಲ್ಲದ್ದು. ಫಿಲ್ಟರನ್ನು ಹಳಿಯುವವರ ಪಕ್ಷ ನನ್ನದಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ವಸ್ತು ಅದ್ಭುತವಾದದ್ದೇ.

ಆದರೆ ಆ ಅಂಕ ಬಂದದ್ದು ಎಲ್ಲಿ? ಫಿಲ್ಟರ್ ತಯಾರಾದ ಕಾರ್ಖಾನೆಯಲ್ಲಿ, ಪರೀಕ್ಷೆಯ ಬೆಂಚಿನ ಮೇಲೆ, ಬಿಗಿಯಾಗಿ ಕೂರಿಸಿ, ಗೊತ್ತಾದ ವೇಗದಲ್ಲಿ ಗಾಳಿ ಹಾಯಿಸಿದಾಗ. ಅದು ಲಾರಿ ಹತ್ತಿ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕುಲುಕಾಡಿ, ಸಿಮೆಂಟ್ ಧೂಳು ಆರದ ಕಟ್ಟಡದೊಳಗೆ ಇಬ್ಬರು ಹುಡುಗರ ಹೆಗಲ ಮೇಲೆ ಏಣಿ ಹತ್ತಿ, ಛಾವಣಿಯ ಪೆಟ್ಟಿಗೆಯಲ್ಲಿ ಕೂತ ಮೇಲೆ ಅದರ ಅಂಕ ಎಷ್ಟು ಎನ್ನುವುದು ಬೇರೆಯೇ ಪ್ರಶ್ನೆ.

ಈ ಕಸುಬಿನಲ್ಲಿರುವವರಿಗೆ ಅದನ್ನು ಕಂಡುಹಿಡಿಯುವ ದಾರಿ ಗೊತ್ತು. ಫಿಲ್ಟರಿನ ಮೇಲ್ಭಾಗಕ್ಕೆ ಪಿಎಒ ಎಂಬ ಎಣ್ಣೆಯ ಮಂಜನ್ನು ಬಿಟ್ಟು, ಕೆಳಗೆ ಏಣಿಯ ಮೇಲೆ ನಿಂತು, ಫೋಟೋಮೀಟರಿನ ಮೂತಿಯನ್ನು ಫಿಲ್ಟರಿನ ಮೈಗೆ ಒಂದಿಂಚು ದೂರದಲ್ಲಿ ನಿಧಾನವಾಗಿ ಸರಿಸುತ್ತ ಹೋಗಬೇಕು. ಮೊದಲು ನಾಲ್ಕು ಅಂಚು, ಆಮೇಲೆ ಮೈಯೆಲ್ಲ, ಸಾಲು ಸಾಲಾಗಿ. ಮೇಲೆ ಬಿಟ್ಟ ಮಂಜಿನ 0.01%ಕ್ಕಿಂತ ಹೆಚ್ಚು ಎಲ್ಲಿ ಕಂಡರೂ ಅದು ಸೋರಿಕೆ. ಇಲ್ಲಿಯದೇ ಒಂದು ಹೊಸ ಥಿಯೇಟರಿನಲ್ಲಿ ನೋಡಿದ್ದು: ಮಧ್ಯದಲ್ಲೆಲ್ಲ ಮೀಟರಿನ ಮುಳ್ಳು ಮಲಗೇ ಇತ್ತು. ಬಾಗಿಲ ಕಡೆಯ ಮೂಲೆಗೆ ಮೂತಿ ಬಂದದ್ದೇ ತಡ, ಜಿಗಿದು ನಿಂತಿತು. ಮೂತಿ ಸರಿಸಿದರೆ ಇಳಿಯುತ್ತದೆ, ತಂದರೆ ಏರುತ್ತದೆ. ಬಿಚ್ಚಿ ನೋಡಿದರೆ ಒಂದು ಕ್ಲ್ಯಾಂಪಿನ ಬೋಲ್ಟ್ ಬಿಗಿಯಾಗಿಲ್ಲ, ಆ ಮೂಲೆಯ ಗ್ಯಾಸ್ಕೆಟ್ ಮಡಚಿಕೊಂಡಿದೆ. ಬೆರಳಿಗೆ ಮಾತ್ರ ತಿಳಿಯುವಷ್ಟು ಸಂದು. ಮೇಂಟೆನೆನ್ಸ್ ನೋಡಿಕೊಳ್ಳುವವರು ಕೆಳಗಿನಿಂದಲೇ ಕೂಗಿದರು: ‘ಏನ್ ಸಾರ್ ಅದು? ಕಂಪನಿಯವ್ರೇ 99.995 ಅಂತ ಸರ್ಟಿಫಿಕೇಟ್ ಕೊಟ್ಟವ್ರಲ್ಲ!’ ‘ಫಿಲ್ಟರ್ ಸರಿಯಾಗೇ ಇದೆ ಸ್ವಾಮಿ, ಕೂತಿರೋ ರೀತಿ ಸರಿಯಿಲ್ಲ’ ಎಂದರೆ, ‘ಹಂಗಾರೆ ಒಸಿ ಸಿಲಿಕೋನ್ ಬಳಿದ್ಬುಟ್ಟು ರಿಪೋರ್ಟ್ ಕೊಟ್ಬುಡಿ, ನಾಳಿದ್ದು ಓಪನಿಂಗ್ ಅದೆ.’

ಆ ಮೂಲೆಯ ಲೆಕ್ಕ ಹಾಕಿ ನೋಡಿ. ಒಂದು ಲಕ್ಷ ಕಣಗಳು ಮೇಲಿನಿಂದ ಬಂದವು ಎನ್ನಿ. ಎಚ್ 13 ದರ್ಜೆಯ ಫಿಲ್ಟರ್ 50 ಕಣ ಬಿಡುತ್ತದೆ, ಎಚ್ 14 ಐದು ಬಿಡುತ್ತದೆ. ಗಾಳಿಯ ನೂರರಲ್ಲಿ ಒಂದು ಪಾಲು ಫಿಲ್ಟರನ್ನು ತಾಗದೆ ಅಂಚಿನ ಸಂದಿಯಿಂದ ಇಳಿದರೆ ಅದರ ಜೊತೆ ಇಳಿಯುವ ಕಣಗಳು ಒಂದು ಸಾವಿರ. ಹದಿಮೂರೋ ಹದಿನಾಲ್ಕೋ ಎಂದು ಮೀಟಿಂಗಿನಲ್ಲಿ ಮೇಜು ಗುದ್ದಿ ಜಗಳವಾಡಿದ್ದು 45 ಕಣಗಳಿಗೆ. ಸಾವಿರದ ವಿಷಯ ಬೋಲ್ಟ್ ತಿರುಗಿಸುವ ಹುಡುಗನ ಸ್ಪ್ಯಾನರಿಗೆ ಬಿಟ್ಟದ್ದು. ಅವನಿಗೆ ಯಾರೂ ಏನೂ ಹೇಳಿಕೊಟ್ಟಿಲ್ಲ.

ಇನ್ನೂ ಸ್ವಾರಸ್ಯದ ಸಂಗತಿ ಇದೆ. ಫಿಲ್ಟರ್ ಹಳತಾಗಿ, ಧೂಳು ಕಟ್ಟಿಕೊಂಡು, ಉಸಿರುಗಟ್ಟುವ ಸ್ಥಿತಿಗೆ ಬಂದಾಗ ಅದರ ಹಿಡಿಯುವ ಶಕ್ತಿ ಕಡಿಮೆಯಾಗುವುದಿಲ್ಲ. ಹೆಚ್ಚುತ್ತದೆ. ಕೂತ ಧೂಳೂ ಹೊಸ ಧೂಳನ್ನು ಹಿಡಿಯುತ್ತದೆ, ಗಾಳಿಯ ವೇಗ ಇಳಿದಷ್ಟೂ ಸಣ್ಣ ಕಣಗಳು ನಾರಿಗೆ ತಾಗಲು ಸಮಯ ಸಿಗುತ್ತದೆ. ಒಂಬತ್ತುಗಳ ಲೆಕ್ಕದಲ್ಲಿ ಅದು ಹೊಸದಕ್ಕಿಂತ ಒಳ್ಳೆಯ ಫಿಲ್ಟರ್! ಕೋಣೆ ಮಾತ್ರ ಕೊಳಕಾಗುತ್ತ ಹೋಗುತ್ತದೆ. ಯಾಕೆಂದರೆ ಕೋಣೆಯನ್ನು ಶುದ್ಧ ಮಾಡುವುದು ಅದರ ಮೂಲಕ ಹರಿದು ಬರುವ ಗಾಳಿ. ನಮ್ಮ ಎನ್‌ಎಬಿಎಚ್ ಎಂಬ ಆಸ್ಪತ್ರೆ ಮಾನ್ಯತಾ ಮಂಡಳಿಯ ನಿಯಮದಂತೆ ಆಪರೇಷನ್ ಥಿಯೇಟರಿನ ಗಾಳಿ ಗಂಟೆಗೆ ಕನಿಷ್ಠ 20 ಸಲ ಬದಲಾಗಬೇಕು. 20 ಸಲ ಬದಲಾದರೆ ಗಾಳಿಯಲ್ಲಿ ತೇಲುವ ಕಣಗಳಲ್ಲಿ ನೂರಕ್ಕೆ 99 ಪಾಲು ಹೊರಹೋಗಲು ಸುಮಾರು 14 ನಿಮಿಷ ಸಾಕು. ಫಿಲ್ಟರ್ ಕಟ್ಟಿಕೊಂಡು ಅದು 10 ಸಲಕ್ಕೆ ಇಳಿದರೆ 28 ನಿಮಿಷ. ಕೋಣೆಯೊಳಗೇ ಹುಟ್ಟುವ ಕೊಳೆಯ ಮಟ್ಟಿಗೆ ಲೆಕ್ಕ ಸರಳ: ಗಾಳಿಯ ಹರಿವು ಅರ್ಧಕ್ಕಿಳಿದರೆ ಕೋಣೆಯ ಕೊಳೆ ಇಮ್ಮಡಿ. ಎಚ್ 14 ತೆಗೆದು ಎಚ್ 13 ಹಾಕಿದರೆ ಆಗುವ ವ್ಯತ್ಯಾಸ ಸಾವಿರಕ್ಕೆ ಒಂದು ಪಾಲೂ ಇಲ್ಲ.

ಒಳಗೇ ಕೊಳೆ ಹುಟ್ಟುವುದು ಹೇಗೆ ಎಂದು ಕೇಳುವವರು ತಮ್ಮ ಮೈಯನ್ನೇ ನೋಡಿಕೊಳ್ಳಲಿ. ಕದಲದೆ ಕೂತ ಮನುಷ್ಯನಿಂದ ನಿಮಿಷಕ್ಕೆ ಸುಮಾರು ಒಂದು ಲಕ್ಷ ಕಣ ಉದುರುತ್ತದೆ ಎಂದು ಕ್ಲೀನ್ ರೂಮಿನವರು ಲೆಕ್ಕ ಇಟ್ಟುಕೊಳ್ಳುತ್ತಾರೆ. ಎದ್ದು ನಡೆದರೆ ಅದು 50 ಲಕ್ಷದ ಹತ್ತಿರ. ಚರ್ಮದ ಚೂರು, ಬಟ್ಟೆಯ ನೂಲು, ಎಂಜಲಿನ ಹನಿ, ಪೌಡರು. ಥಿಯೇಟರಿನಲ್ಲಿ ಶಸ್ತ್ರಚಿಕಿತ್ಸೆ ನಡೆಯುವಾಗ ಎಂಟು ಜನ, ಜೊತೆಗೆ ಹೊಸ ಮಷಿನ್ ತೋರಿಸಲು ಬಂದ ಕಂಪನಿಯ ಪ್ರತಿನಿಧಿ, ಮತ್ತೆ ಮತ್ತೆ ತೆರೆಯುವ ಬಾಗಿಲು. ಕೋಣೆಯ ಒಳಗಿನ ಒತ್ತಡ ಹೊರಗಿಗಿಂತ ಕನಿಷ್ಠ 2.5 ಪ್ಯಾಸ್ಕಲ್ ಹೆಚ್ಚಿರಬೇಕು ಎನ್ನುತ್ತದೆ ನಿಯಮ. ಹಾಗೆಂದರೆ ನೀರಿನ ಕಾಲು ಮಿಲಿಮೀಟರ್ ಎತ್ತರದಷ್ಟು. ಇಷ್ಟು ನವಿರಾದ ಒತ್ತಡ ಬಾಗಿಲು ತೆರೆದ ಕೂಡಲೇ ಸೊನ್ನೆಯಾಗುತ್ತದೆ. ಆ ಬಾಗಿಲಿಗೆ ಮರದ ತುಂಡೋ ಸಲೈನ್ ಡಬ್ಬವೋ ಅಡ್ಡ ಕೊಟ್ಟಿರುವುದನ್ನು ನೋಡದ ಮೇಂಟೆನೆನ್ಸ್‌ನವರು ಯಾರಿದ್ದಾರೆ?

ಒಂದು ಐತಿಹಾಸಿಕ ಪುರಾವೆ. 1950ರ ದಶಕದ ಕೊನೆಯ ಹೊತ್ತಿಗೇ ಅಮೆರಿಕದ ಕಾರ್ಖಾನೆಗಳಲ್ಲಿ ಶೋಧಿಸಿದ ಗಾಳಿಯ ಕೋಣೆಗಳಿದ್ದವು. ಗೋಡೆ ನುಣುಪು, ಕೆಲಸಗಾರರಿಗೆ ನಿಲುವಂಗಿ, ದಿನವೂ ಒರೆಸಾಟ. ಆದರೂ ಧೂಳಿನ ಕಾಟ ತಪ್ಪಿರಲಿಲ್ಲ. ಸ್ಯಾಂಡಿಯಾ ಪ್ರಯೋಗಾಲಯದ ವಿಲ್ಲಿಸ್ ವಿಟ್‌ಫೀಲ್ಡ್ ಎಂಬ ಭೌತವಿಜ್ಞಾನಿ 1960ರ ಸುಮಾರಿಗೆ ಇದಕ್ಕೊಂದು ಉತ್ತರ ಕೊಟ್ಟ. ಅವನು ಹೊಸ ಫಿಲ್ಟರ್ ಕಂಡುಹಿಡಿಯಲಿಲ್ಲ. ಇದ್ದ ಫಿಲ್ಟರನ್ನೇ ಇಟ್ಟುಕೊಂಡು ಗಾಳಿಯ ಹರಿವನ್ನು ಬದಲಿಸಿದ. ಸುಳಿ ಸುಳಿಯಾಗಿ ತಿರುಗುವ ಬದಲು ಗಾಳಿ ಒಂದೇ ದಿಕ್ಕಿನಲ್ಲಿ, ಒಂದೇ ವೇಗದಲ್ಲಿ ಹರಿದು, ಕೋಣೆಯಲ್ಲಿ ಹುಟ್ಟಿದ ಕಣವನ್ನು ಎಳೆದುಕೊಂಡೇ ಹೊರಹೋಗುವಂತೆ ಮಾಡಿದ. ಕೋಣೆ ಆಗಿನ ಕ್ಲೀನ್ ರೂಮುಗಳಿಗಿಂತ ಸಾವಿರ ಪಟ್ಟು ಶುದ್ಧವಾಯಿತು. ಇವತ್ತಿನ ಚಿಪ್ ಕಾರ್ಖಾನೆಗಳೆಲ್ಲ ನಿಂತಿರುವುದು ಆ ಹರಿವಿನ ಮೇಲೆ. ನಮ್ಮಲ್ಲಿ ಕೊಟೇಶನ್ ಕಳಿಸುವವರು ಫಿಲ್ಟರಿನ ದರ್ಜೆ ಬರೆಯುತ್ತಾರೆ, ಹರಿವಿನ ನಕ್ಷೆ ಕೇಳಿದರೆ ‘ಅದು ಸೈಟಲ್ಲಿ ಅಡ್ಜಸ್ಟ್ ಮಾಡೋದು ಸಾರ್’ ಎನ್ನುತ್ತಾರೆ.

ಇನ್ನು ಬಿಡದಿಗೇ ಬರೋಣ. 1999ರ ಕೊನೆಯಲ್ಲಿ ಟೊಯೋಟಾದ ಕ್ವಾಲಿಸ್ ಇಲ್ಲಿಂದ ಹೊರಬಂದಾಗಿನಿಂದ ಕಾರಿನ ಹೊಳಪು ಈ ಊರಿಗೆ ಹೊಸದಲ್ಲ. ಯಾವ ಕಾರು ಕಾರ್ಖಾನೆಯಲ್ಲೇ ಆಗಲಿ ಧೂಳಿಗೆ ಅತಿ ಹೆಚ್ಚು ಹೆದರುವ ವಿಭಾಗ ಪೇಂಟ್ ಶಾಪ್. ಹಾಗಾದರೆ ಬಣ್ಣ ಸಿಂಪಡಿಸುವ ಬೂತಿನ ಛಾವಣಿಯಲ್ಲಿ ಹೆಪಾ ಇರಬೇಕಲ್ಲ? ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿರುವುದು ಸುಮಾರು 10 ಮೈಕ್ರಾನಿಗಿಂತ ದೊಡ್ಡ ಕಣ ತಡೆಯುವ ದಪ್ಪ ನಾರಿನ ಹಾಸು. ಬಣ್ಣದ ಎಲ್ಲ ಪದರ ಸೇರಿ ಸುಮಾರು 100 ಮೈಕ್ರಾನ್ ದಪ್ಪ ಇರುವಾಗ 0.3 ಮೈಕ್ರಾನಿನ ಕಣ ಅದರಲ್ಲಿ ಮುಳುಗಿಹೋಗುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವುದು ನೂಲಿನ ಎಳೆ, ಕೂದಲು, ಹಿಂದಿನ ಹಂತದಲ್ಲಿ ಉಜ್ಜಿದ ಪುಡಿ. ಆದ್ದರಿಂದ ಅವರ ಯುದ್ಧವೆಲ್ಲ ಅದರ ಮೇಲೆ: ನೂಲು ಬಿಡದ ಮೇಲಂಗಿ, ಒಳಗೆ ಹೋಗುವ ಮೊದಲು ಏರ್ ಶವರ್, ಬಾಡಿಯನ್ನು ಅಂಟುಬಟ್ಟೆಯಿಂದ ಒರೆಸುವುದು, ಎಮು ಹಕ್ಕಿಯ ಗರಿಯ ರೋಲರಿನಿಂದ ಸವರುವುದು. ಇನ್ನೊಂದು ನಿಯಮ ಕೇಳಿದರೆ ಹೊಸಬರು ನಗುತ್ತಾರೆ. ಪೇಂಟ್ ಶಾಪಿಗೆ ಹೋಗುವವರು ಡಿಯೋಡರೆಂಟ್, ಹೇರ್ ಕ್ರೀಮ್ ಹಚ್ಚಿಕೊಳ್ಳುವಂತಿಲ್ಲ. ಅದರಲ್ಲಿರುವ ಸಿಲಿಕೋನಿನ ಒಂದಿಷ್ಟು ಅಂಶ ಬಿದ್ದರೂ ಬಣ್ಣ ಆ ಜಾಗದಲ್ಲಿ ಹಿಂದೆ ಸರಿದು ಗುಳಿ ಬೀಳುತ್ತದೆ. ಆವಿಯಾಗಿ ಬರುವ ಅದನ್ನು ಯಾವ ಒಂಬತ್ತೂ ತಡೆಯುವುದಿಲ್ಲ. ತಡೆಯುವುದು ಬಾಗಿಲಲ್ಲಿ ನಿಂತು ‘ಏನ್ ಹಾಕ್ಕೊಂಡ್ ಬಂದೆಯಪ್ಪ?’ ಎಂದು ಕೇಳುವ ಸೂಪರ್‌ವೈಸರ್.

ಬಾಷ್ ಕಂಪನಿ ಆಡುಗೋಡಿಯಿಂದ ಇಲ್ಲಿಗೆ ಬಂದ ಮೇಲೆ ಡೀಸೆಲ್ ಪಂಪಿನ ಭಾಷೆಯೂ ಬಿಡದಿಯ ಹುಡುಗರಿಗೆ ಪರಿಚಯವಾಗಿದೆ. ಡೀಸೆಲ್ ಚಿಮ್ಮಿಸುವ ಬಿಡಿಭಾಗಗಳಲ್ಲಿ ಒಂದಕ್ಕೊಂದು ಕೂರುವ ಎರಡು ಲೋಹಗಳ ನಡುವಿನ ಸಂದು ಕೆಲವೇ ಮೈಕ್ರಾನ್. ಇಲ್ಲಾದರೂ ಎಚ್ 14 ಬೇಕಲ್ಲವೇ ಎಂದರೆ, ಜರ್ಮನಿಯ ವಾಹನೋದ್ಯಮದವರ ವಿಡಿಎ 19 ಎಂಬ ಕೈಪಿಡಿಯ ನಡೆ ಬೇರೆ. ಅದು ಬಿಡಿಭಾಗವನ್ನು ತೊಳೆದು, ತೊಳೆದ ನೀರನ್ನು ಸೋಸಿ, ಸಿಕ್ಕ ಕಣಗಳನ್ನು ಎಣಿಸುತ್ತದೆ. ಅಲ್ಲಿ ಯಂತ್ರ ಕೆಡಿಸುವ ಕಣ ಲೋಹದ ಚೂರು, ಹತ್ತಾರು ನೂರಾರು ಮೈಕ್ರಾನಿನದು. 100 ಮೈಕ್ರಾನಿನ ಚೂರು ಮೇಜಿನೆತ್ತರದಿಂದ ನಾಲ್ಕು ಸೆಕೆಂಡಿನೊಳಗೆ ನೆಲಕ್ಕೆ ಬೀಳುತ್ತದೆ. 0.3 ಮೈಕ್ರಾನಿನದು ಅಲುಗದ ಗಾಳಿಯಲ್ಲಿ ಅಷ್ಟೇ ದೂರ ಇಳಿಯಲು ಎರಡು ದಿನ ದಾಟುತ್ತದೆ. ಛಾವಣಿಯ ಫಿಲ್ಟರ್ ತನ್ನ ಜನ್ಮದಲ್ಲಿ ಆ ಲೋಹದ ಚೂರಿನ ಮುಖ ನೋಡುವುದಿಲ್ಲ. ಅದು ಹುಟ್ಟುವುದು ಸ್ಕ್ರೂ ತಿರುಗಿಸುವಾಗ, ಟ್ರೇ ಟ್ರೇಗೆ ಉಜ್ಜಿದಾಗ.

ಇದನ್ನೆಲ್ಲ ಜರ್ಮನಿಯಿಂದ ಕಲಿಯಬೇಕಾಗಿಲ್ಲ. ಬಿಡದಿಯಿಂದ ಹದಿನೈದು ಕಿಲೋಮೀಟರ್ ಆಚೆ, ರಾಮನಗರದ ಗೂಡಿನ ಮಾರುಕಟ್ಟೆಗೆ ಗೂಡು ತರುವ ಯಾವ ರೈತನ ಹುಳುವಿನ ಮನೆಗಾದರೂ ಹೋಗಿ. ಸೂಕ್ಷ್ಮ ಪರಿಸರ ಎಂದು ಇಂಜಿನಿಯರುಗಳು ಕರೆಯುವುದರ ಜ್ಞಾನ ಅಲ್ಲಿ ಹುಟ್ಟಿ ಬೆಳೆದಿದೆ, ಒಂದೂ ಫಿಲ್ಟರಿಲ್ಲದೆ. ರೇಷ್ಮೆ ಹುಳುವಿನಷ್ಟು ನಾಜೂಕಿನ ಪ್ರಾಣಿ ಇನ್ನೊಂದಿಲ್ಲ. ಪಕ್ಕದ ಹೊಲದಲ್ಲಿ ಔಷಧಿ ಹೊಡೆದರೆ ಸಾಯುತ್ತದೆ, ಹೊಗೆಸೊಪ್ಪಿನ ಕೈಯಲ್ಲಿ ಸೊಪ್ಪು ಹಾಕಿದರೆ ಸಾಯುತ್ತದೆ. ಇಪ್ಪತ್ತೈದು ದಿನದ ಬೆಳೆ, ನಾಲ್ಕು ಜ್ವರ, ಅಂದರೆ ನಾಲ್ಕು ಸಲ ಪೊರೆ ಕಳಚುವುದು. ಹುಳು ಹಣ್ಣಾಗಿ ಚಂದ್ರಿಕೆಗೆ ಹೋಗುವವರೆಗೆ ಮನೆಯವರಿಗೆ ನಿದ್ದೆಯಿಲ್ಲ. ಅಲ್ಲಿ ಬಾಗಿಲಿನ ಮುಂದೆ ಬ್ಲೀಚಿಂಗ್ ದ್ರಾವಣದಲ್ಲಿ ನೆನೆಸಿದ ಗೋಣಿಚೀಲ ಇರುತ್ತದೆ, ಕಾಲೊತ್ತಿಯೇ ಒಳಗೆ ಹೋಗಬೇಕು. ಅದಕ್ಕೂ ಮುಂಚೆ ಒಂದು ಸಣ್ಣ ಮುಂಗೋಣೆ. ಮೊದಲ ಬಾಗಿಲು ಹಾಕಿಕೊಂಡ ಮೇಲೇ ಎರಡನೆಯದನ್ನು ತೆಗೆಯುವುದು. ಔಷಧ ಕಾರ್ಖಾನೆಯವರು ಏರ್ ಲಾಕ್ ಎಂದು ಲಕ್ಷಗಟ್ಟಲೆ ಸುರಿಯುವುದು ಇದಕ್ಕೇ. ಬೆಳೆ ಬೆಳೆಗೂ ತಟ್ಟೆ, ಸ್ಟ್ಯಾಂಡು, ಗೋಡೆ, ನೆಲ ತೊಳೆದು ಔಷಧಿ ಸಿಂಪಡಿಸಿ ಮುಚ್ಚಿಡುತ್ತಾರೆ. ಚಾಕಿ ಹುಳುವನ್ನು, ಅಂದರೆ ಎಳೆಯ ಮರಿಹುಳುವನ್ನು, ಬೇರೆಯೇ ಕೇಂದ್ರದಲ್ಲಿ ಸಾಕಿ ಎರಡನೇ ಜ್ವರ ಎದ್ದ ಮೇಲೆ ತರುತ್ತಾರೆ.

ಒಂದೊಂದು ರೋಗಕ್ಕೆ ಒಂದೊಂದು ದಾರಿ ಎನ್ನುವುದು ಆ ರೈತನಿಗೆ ಗೊತ್ತು. ಹಾಲುತೊಂಡೆ ರೋಗದ ವೈರಸ್ ಸೊಪ್ಪಿನ ಮೂಲಕ ಹುಳುವಿನ ಹೊಟ್ಟೆ ಸೇರುತ್ತದೆ, ಆದ್ದರಿಂದ ಸತ್ತ ಹುಳುವನ್ನು ಕೈಯಲ್ಲಿ ಹಿಡಿಯದೆ ಕಡ್ಡಿಯಲ್ಲಿ ಎತ್ತಿ ಸುಣ್ಣದ ನೀರಿಗೆ ಹಾಕಬೇಕು. ಸುಣ್ಣಕಟ್ಟು ಶಿಲೀಂಧ್ರದ್ದು. ತೇವ ಹೆಚ್ಚಿದರೆ ಬರುತ್ತದೆ, ಹಾಗಾಗಿ ಹಾಸಿಗೆ ಒಣಗಿಸಿ ಸುಣ್ಣದ ಪುಡಿ ಹೊಡೆಯಬೇಕು. ಗಂಟುರೋಗವಂತೂ ತಾಯಿ ಚಿಟ್ಟೆಯಿಂದ ಮೊಟ್ಟೆಗೇ ಬರುತ್ತದೆ. ಲೂಯಿ ಪಾಸ್ಚರ್ 1865ರಿಂದ ಫ್ರಾನ್ಸಿನಲ್ಲಿ ಐದು ವರ್ಷ ಒದ್ದಾಡಿ ತೋರಿಸಿಕೊಟ್ಟದ್ದು ಅದನ್ನೇ. ಮೈಸೂರು ಶುದ್ಧ ತಳಿಯ ಬಿತ್ತನೆ ಪ್ರದೇಶವಾದ ಮಾಗಡಿ, ಕುಣಿಗಲ್ ಸೀಮೆಯ ಗೂಡಿನಿಂದ ಮೊಟ್ಟೆ ಮಾಡುವ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಜಗತ್ತಿನ ಎಲ್ಲ ಹೆಪಾ ಫಿಲ್ಟರ್ ತಂದು ಹುಳುವಿನ ಮನೆಗೆ ಹಾಕಿದರೂ ಗಂಟುರೋಗದ ಮೊಟ್ಟೆ ಗಂಟುರೋಗದ ಹುಳುವನ್ನೇ ಕೊಡುತ್ತದೆ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂದು ಗೂಡಿಗೆ ತೂತು ಕೊರೆಯತೊಡಗಿದಾಗ ಉತ್ತರವಾಗಿ ಬಂದದ್ದು ಕಿಟಕಿಗೆ ನೈಲಾನ್ ಪರದೆ. ನೊಣಕ್ಕೆ ನೊಣದ ಅಳತೆಯ ತಡೆ. ಗಾಳಿ ಮಾತ್ರ ಧಾರಾಳವಾಗಿ ಆಡಬೇಕು, ಯಾಕೆಂದರೆ ದೊಡ್ಡ ಹುಳುವಿನ ಮನೆಯನ್ನು ಬಿಗಿಯಾಗಿ ಮುಚ್ಚಿದರೆ ಸೊಪ್ಪಿನ ಬಿಸಿಗೂ ತೇವಕ್ಕೂ ಸಪ್ಪೆರೋಗ ಖಚಿತ.

ಹೊರಗಿನವರನ್ನು ಒಳಗೆ ಬಿಡದಿರುವುದಕ್ಕೆ ‘ದೃಷ್ಟಿ ಆಯ್ತದೆ’ ಎಂದು ಅಜ್ಜಿಯರು ಕಾರಣ ಕೊಡುತ್ತಿದ್ದರು. ಕಾರಣ ಏನಾದರೂ ಇರಲಿ, ಕೋಣೆಗೆ ಹೋಗುವವರ ಸಂಖ್ಯೆ ಕಡಿಮೆ ಮಾಡಿ ಎಂದು ಸರ್ಜನ್ನರಿಗೆ ಹೇಳಿ ಹೇಳಿ ಸೋತ ಇನ್‌ಫೆಕ್ಷನ್ ಕಂಟ್ರೋಲ್ ನರ್ಸುಗಳಿಗೆ ಆ ಅಜ್ಜಿಯರ ಅರ್ಧದಷ್ಟು ಅಧಿಕಾರವೂ ಇಲ್ಲ.

ಆಸ್ಪತ್ರೆಯ ಮಾತಿಗೆ ಬಂದರೆ ಎದುರು ಪಕ್ಷದವರು ಒಂದು ಗಟ್ಟಿ ಸಾಕ್ಷಿ ಮುಂದಿಡುತ್ತಾರೆ. ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1960ರ ದಶಕದಲ್ಲಿ ಸೊಂಟದ ಕೀಲು ಬದಲಾಯಿಸುವಾಗ ರೋಗಿಯ ಸುತ್ತ ಶುದ್ಧ ಗಾಳಿಯ ಗೂಡು ಕಟ್ಟಿದ, ಸೋಂಕು ಇಳಿಯಿತು. 1982ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನ 8,000ಕ್ಕೂ ಹೆಚ್ಚು ಕೀಲು ಶಸ್ತ್ರಚಿಕಿತ್ಸೆಗಳನ್ನು ನೋಡಿ, ಅತಿಶುದ್ಧ ಗಾಳಿಯ ಥಿಯೇಟರಿನಲ್ಲಿ ಆಳದ ಸೋಂಕು ಅರ್ಧಕ್ಕಿಂತ ಕಡಿಮೆ ಎಂದಿತು. ಇದು ಸುಳ್ಳಲ್ಲ. ಆದರೆ ಅದೇ ಅಧ್ಯಯನ ಮುಂಜಾಗ್ರತೆಯಾಗಿ ಕೊಟ್ಟ ಆ್ಯಂಟಿಬಯೋಟಿಕ್ಕಿನಿಂದಲೂ ಸೋಂಕು ದೊಡ್ಡದಾಗಿ ಇಳಿದದ್ದನ್ನು ತೋರಿಸಿತ್ತು ಎನ್ನುವುದನ್ನು ಫಿಲ್ಟರ್ ಮಾರುವವರು ಹೇಳುವುದಿಲ್ಲ. ಆ್ಯಂಟಿಬಯೋಟಿಕ್ ಎಲ್ಲ ಕಡೆ ರೂಢಿಯಾದ ಮೇಲೆ ಜರ್ಮನಿ, ನ್ಯೂಜಿಲೆಂಡ್‌ಗಳ ದಾಖಲೆಗಳಲ್ಲಿ ಲ್ಯಾಮಿನಾರ್, ಅಂದರೆ ಒಂದೇ ದಿಕ್ಕಿನ ಹರಿವಿನ ಥಿಯೇಟರುಗಳಿಂದ ಲಾಭ ಕಾಣಲಿಲ್ಲ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಕೀಲು ಬದಲಾವಣೆಯಲ್ಲಿ ಸೋಂಕು ತಗ್ಗಿಸುವ ಸಲುವಾಗಿ ಲ್ಯಾಮಿನಾರ್ ವ್ಯವಸ್ಥೆ ಬಳಸಬೇಕಾಗಿಲ್ಲ ಎಂದು ಸಲಹೆ ಕೊಟ್ಟಿತು. ಪುರಾವೆ ದುರ್ಬಲ ಎಂದೂ ಅದೇ ಹೇಳಿದೆ, ಹಾಗಾಗಿ ಇದನ್ನು ಹಿಡಿದು ನಾನು ಕುಣಿಯುವುದಿಲ್ಲ. ವಿಟ್‌ಫೀಲ್ಡನ ಹರಿವನ್ನೇ ಥಿಯೇಟರಿಗೆ ತಂದರೂ ದೀಪ, ತಲೆ, ಕೈಗಳು ಅಡ್ಡ ಬಂದು ಗಾಳಿ ಸುಳಿಯುತ್ತದೆ ಎನ್ನುವುದನ್ನಂತೂ ಏಣಿ ಹತ್ತಿ ಹೊಗೆ ಬಿಟ್ಟು ನೋಡಿದ ಯಾರೂ ಅಲ್ಲಗಳೆಯಲಾರರು.

ನಮ್ಮ ರಾಜ್ಯದ ಎರಡು ಗಾಯಗಳನ್ನು ನೆನಪಿಸಿಕೊಳ್ಳಿ. 2019ರ ಜುಲೈ 9ರಂದು ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ 24 ಜನರಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಯಿತು. ಹಲವರಿಗೆ ಸೋಂಕು ತಗುಲಿ ದೃಷ್ಟಿ ಹೋಯಿತು. ಬೆರಳು ತೋರಿದ್ದು ಶಸ್ತ್ರಚಿಕಿತ್ಸೆಯ ವೇಳೆ ಕಣ್ಣೊಳಗೆ ಬಿಡುವ ದ್ರಾವಣದತ್ತ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ತೀರಿಕೊಂಡರು. ಶಂಕೆ ಬಿದ್ದದ್ದು ರಕ್ತನಾಳಕ್ಕೆ ಏರಿಸುವ ರಿಂಗರ್ಸ್ ಲ್ಯಾಕ್ಟೇಟ್ ಮೇಲೆ. ಎರಡೂ ಕಡೆ ಥಿಯೇಟರಿನ ಗಾಳಿ ಆರೋಪಿಯ ಸ್ಥಾನದಲ್ಲಿ ನಿಲ್ಲಲಿಲ್ಲ. ಬಾಟಲಿಯಲ್ಲಿ ಬಂದದ್ದನ್ನು ಛಾವಣಿ ತಡೆಯಲಾರದು. ಆದರೂ ಇಂಥದ್ದೊಂದು ದುರಂತವಾದ ಮೇಲೆ ಊರೂರಿನ ಆಸ್ಪತ್ರೆಯ ಆಡಳಿತದವರಿಗೆ ಮೊದಲು ಹೊಳೆಯುವುದು ಥಿಯೇಟರ್ ‘ಅಪ್‌ಗ್ರೇಡ್’. ತಂದ ಔಷಧದ ಬ್ಯಾಚ್ ಪರೀಕ್ಷೆಯ ವಿಷಯ ಫೈಲಿನಲ್ಲೇ ಉಳಿಯುತ್ತದೆ. ಫಿಲ್ಟರಿಗೆ ರಿಬ್ಬನ್ ಕತ್ತರಿಸಬಹುದು, ಬ್ಯಾಚ್ ಪರೀಕ್ಷೆಗೆ ಕತ್ತರಿಸಲು ಬರುವುದಿಲ್ಲ.

ಹಾಗಾದರೆ ಫಿಲ್ಟರೇ ಬೇಡವೇ? ಬೇಕಾದ ಕಡೆ ಅದಿಲ್ಲದೆ ಆಗುವುದೇ ಇಲ್ಲ. ಅಸ್ಥಿಮಜ್ಜೆ ಕಸಿಯಾದ ರೋಗಿಗೆ ಗಾಳಿಯಲ್ಲಿ ತೇಲುವ ಆಸ್ಪರ್ಜಿಲಸ್ ಬೂಷ್ಟಿನ ಬೀಜಕಣವೇ ಯಮ. ಎರಡು ಮೂರು ಮೈಕ್ರಾನಿನ ಅದನ್ನು ಹೆಪಾ ಚೆನ್ನಾಗಿ ಹಿಡಿಯುತ್ತದೆ. ಇಂಜೆಕ್ಷನ್ ತುಂಬುವ ಯಂತ್ರದ ಮೇಲೆ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನಿಗೆ ಮೇಲ್ಪಟ್ಟ ಕಣ 3,520ಕ್ಕಿಂತ ಹೆಚ್ಚಿರಬಾರದು, ಅದು ಫಿಲ್ಟರಿಲ್ಲದೆ ಕನಸಿನ ಮಾತು. ಐಐಎಸ್ಸಿಯ ನ್ಯಾನೋ ಕೇಂದ್ರದಲ್ಲಿ ಚಿಪ್ಪಿನ ಗೆರೆ ಎಳೆಯುವವರೂ ಅದನ್ನೇ ನೆಚ್ಚಿದ್ದಾರೆ. ಆದರೆ ಗಮನಿಸಿ, ಈ ಮೂರೂ ಕಡೆ ಫಿಲ್ಟರ್ ಒಂಟಿಯಾಗಿ ದುಡಿಯುವುದಿಲ್ಲ. ಅಲ್ಲಿ ಮೊದಲು ಜನರನ್ನು ಕಡಿಮೆ ಮಾಡಿ, ಬಟ್ಟೆ ಬದಲಿಸಿ, ಹರಿವು ಕಟ್ಟಿ, ಒತ್ತಡ ನಿಲ್ಲಿಸಿ, ಆಮೇಲೆ ಫಿಲ್ಟರನ್ನು ನಂಬುತ್ತಾರೆ. ನಮ್ಮಲ್ಲಿ ನಕಲಾಗುವುದು ಕೊನೆಯ ಹೆಜ್ಜೆ ಮಾತ್ರ.

ಮನೆಯ ಪ್ಯೂರಿಫೈಯರ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬೈರಮಂಗಲದ ಉದಾಹರಣೆಯೊಂದು ಸಾಕು. ಬೆಂಗಳೂರಿನ ಕೊಳಚೆಯನ್ನು ಹೊತ್ತು ವೃಷಭಾವತಿ ಬಂದು ಸೇರುವ ಆ ಕೆರೆಯ ಸುತ್ತಿನವರ ಸಂಕಟ ವಾಸನೆಯದು, ಅಂದರೆ ಅನಿಲದ್ದು. ಹೆಪಾ ಕಣವನ್ನು ಹಿಡಿಯುತ್ತದೆ, ಅನಿಲವನ್ನು ಹಾಗೆಯೇ ಬಿಡುತ್ತದೆ. ಅದಕ್ಕೆ ಇದ್ದಿಲಿನ ಪದರ ಬೇಕು, ಅದೂ ಬೇಗ ತುಂಬಿಹೋಗುತ್ತದೆ. ಡಬ್ಬದ ಮೇಲಿನ 99.97ಕ್ಕೂ ಕೊಳೆತ ಮೊಟ್ಟೆಯ ಆ ನಾತಕ್ಕೂ ಯಾವ ಸಂಬಂಧವೂ ಇಲ್ಲ.

ಖರ್ಚಿನ ಮಾತೂ ಆಗಲಿ. ಹೊಸ ಹೆಪಾ ಫಿಲ್ಟರ್ ದಾಟಲು ಗಾಳಿಗೆ ಸುಮಾರು 250 ಪ್ಯಾಸ್ಕಲ್ ಒತ್ತಡ ಬೇಕು. ಗಂಟೆಗೆ 3,000 ಘನ ಮೀಟರ್ ಗಾಳಿ ಬೀಸುವ ಸಾಧಾರಣ ಥಿಯೇಟರಿನಲ್ಲಿ ಈ ಒಂದು ಅಡ್ಡಿಯನ್ನು ದಾಟಿಸಲೇ ಫ್ಯಾನು ವರ್ಷಕ್ಕೆ ಸುಮಾರು 3,000 ಯೂನಿಟ್ ಕರೆಂಟ್ ನುಂಗುತ್ತದೆ. ಫಿಲ್ಟರ್ ತುಂಬಿ ಒತ್ತಡ ಇಮ್ಮಡಿಯಾದಾಗ ಅಷ್ಟೇ ಗಾಳಿ ಬೇಕೆಂದರೆ ಬಿಲ್ಲೂ ಇಮ್ಮಡಿ. ಈ ಬಿಲ್ಲನ್ನು ನೋಡಿದ ಆಡಳಿತದವರು ಮಾಡುವುದೇನು? ರಾತ್ರಿ ಗಾಳಿ ಬೀಸುವ ಯಂತ್ರವನ್ನೇ (ಎ.ಎಚ್.ಯು.) ಆಫ್ ಮಾಡಿಸುತ್ತಾರೆ. ಫ್ಯಾನು ನಿಂತ ಕೂಡಲೇ ಒತ್ತಡ ಹೋಗುತ್ತದೆ, ಕಾರಿಡಾರಿನ ಗಾಳಿ ಬಾಗಿಲ ಸಂದಿಯಿಂದ ಒಳಗೆ ಬಂದು ಕೂರುತ್ತದೆ. ಬೆಳಿಗ್ಗೆ ಮೊದಲ ಕೇಸಿಗೆ ಹತ್ತು ನಿಮಿಷ ಮೊದಲು ಸ್ವಿಚ್ ಒತ್ತುತ್ತಾರೆ. ಕರೆಂಟ್ ಹೋದಾಗಿನ ಕಥೆಯೂ ಅದೇ. ದೀಪ, ಮಾನಿಟರ್ ಜನರೇಟರ್ ಮೇಲೆ ಇರುತ್ತವೆ, ಎ.ಎಚ್.ಯು. ಇರುವುದಿಲ್ಲ. ದುಬಾರಿ ಫಿಲ್ಟರ್ ಕೊಂಡದ್ದರಿಂದಲೇ ಅದನ್ನು ಓಡಿಸಲು ದುಡ್ಡಿಲ್ಲದ ಸ್ಥಿತಿ. ಮುಂದೆ ಹಾಕುವ ಅಗ್ಗದ ಪ್ರಿ-ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆದಿದ್ದರೆ ಹೆಪಾ ಇಷ್ಟು ಬೇಗ ಕಟ್ಟಿಕೊಳ್ಳುತ್ತಲೂ ಇರಲಿಲ್ಲ. ಆದರೆ ಪ್ರಿ-ಫಿಲ್ಟರಿನ ಹೆಸರು ಯಾವ ಕರಪತ್ರದಲ್ಲಿದೆ?

ಆದ್ದರಿಂದ ಟೆಂಡರ್ ಬರೆಯುವವರಿಗೆ ನನ್ನ ವಾದ ಇಷ್ಟು. ಫಿಲ್ಟರಿನ ದರ್ಜೆ ಒಂದು ಸಾಲಿನಲ್ಲಿ ಇರಲಿ. ಅದರ ಕೆಳಗೆ, ಕೂರಿಸಿದ ಮೇಲೆ ಸ್ಥಳದಲ್ಲೇ ಸೋರಿಕೆ ಪರೀಕ್ಷೆ, ಗಂಟೆಗೆ ಎಷ್ಟು ಸಲ ಗಾಳಿ ಬದಲಾಗುತ್ತದೆ ಎಂಬ ಅಳತೆ, ಬಾಗಿಲ ಬಳಿ ಎಲ್ಲರಿಗೂ ಕಾಣುವ ಒತ್ತಡದ ಗೇಜು ಬೇಕೆಂದು ಬರೆಯಿರಿ. ಪರೀಕ್ಷೆ ಆರು ತಿಂಗಳಿಗೊಮ್ಮೆ ಮತ್ತೆ ಆಗಬೇಕು, ಮಾಡುವವನು ಫಿಲ್ಟರ್ ಮಾರಿದವನೇ ಆಗಿರಬಾರದು, ವರದಿ ಸಹಿಯಾಗುವವರೆಗೆ ಕೊನೆಯ ಕಂತು ಬಿಡುಗಡೆಯಾಗಬಾರದು. ಇದಕ್ಕೆ ಒಪ್ಪದವನಿಂದ ಎಚ್ 14 ಕೊಳ್ಳುವುದಕ್ಕಿಂತ ಒಪ್ಪುವವನಿಂದ ಎಚ್ 13 ಕೊಳ್ಳುವುದು ಮೇಲು. ಉಳಿದ ದುಡ್ಡಿನಲ್ಲಿ ಬಾಗಿಲುಗಳಿಗೆ ಗಟ್ಟಿ ಡೋರ್ ಕ್ಲೋಸರ್ ಹಾಕಿಸಿ, ಎ.ಎಚ್.ಯು.ವನ್ನು ಜನರೇಟರ್ ಲೈನಿಗೆ ಸೇರಿಸಿ.